ಅಜ್ಜನ ವಾಚಿನೊಳಗೆ ಒಣಗಿದ ಎಣ್ಣೆ

ಬೆಳಗಾವಿ ಕಡೆಯ ಹಳೆಯ ಮನೆಗಳಲ್ಲಿ ಟ್ರಂಕು, ತಿಜೋರಿ ಖಾಲಿ ಮಾಡುವಾಗ ನಿಂತುಹೋದ ಕೈಗಡಿಯಾರ ಸಿಗುವುದು ಅಪರೂಪವಲ್ಲ. 1956ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ವ್ಯಾಪಾರ, ನೌಕರಿ ಎಂದು ಆ ಕಡೆ ಹೋದವರ ಮಣಿಕಟ್ಟಿಗೆ ಫೇವರ್ ಲೂಬಾ, ವೆಸ್ಟ್ ಎಂಡ್‌ನಂಥ ಸ್ವಿಸ್ ವಾಚುಗಳು ಬಂದವು. ಮರಾಠಾ ಲಘು ಪದಾತಿದಳದ ಕೇಂದ್ರ ಇಲ್ಲೇ ಇರುವುದರಿಂದ ಸೈನ್ಯದಲ್ಲಿದ್ದವರ ವಾಚುಗಳೂ ಸಿಗುತ್ತವೆ. 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ, ಜಪಾನಿನ ಸಿಟಿಜನ್ ಜೊತೆಗೂಡಿ ವಾಚು ತಯಾರಿಸತೊಡಗಿದ ಮೇಲಂತೂ ಮದುವೆಗೆ, ನೌಕರಿ ಸಿಕ್ಕಿದ್ದಕ್ಕೆ ಎಚ್‌ಎಂಟಿ ಕೊಡುವುದೇ ವಾಡಿಕೆಯಾಯಿತು.

ಇಂಥ ವಾಚು ಕೈಗೆ ಬಂದಾಗ ಮನೆಯಲ್ಲಿ ಯಾರಾದರೂ ಹೇಳುವ ಮಾತೊಂದಿದೆ: ‘ಕೀಲಿ ಜಾಸ್ತಿ ಕೊಟ್ಟು ಕೆಡಿಸ್ಯಾರ.’ ಬಹುತೇಕ ಇದು ನಿಜವಲ್ಲ. ಕೀಲಿ ತುಂಬಿರುವುದು ಕಾಯಿಲೆಯಲ್ಲ. ಸ್ಪ್ರಿಂಗಿನಲ್ಲಿ ಪೂರ್ತಿ ಶಕ್ತಿ ಇದ್ದರೂ ಮುಂದಿನ ಚಕ್ರಗಳು ತಿರುಗುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ಅವು ತಿರುಗದಿರಲು ಸಾಮಾನ್ಯ ಕಾರಣ ಎಣ್ಣೆ.

ಆ ಕಾಲದ ಹೆಚ್ಚಿನ ವಾಚುಗಳಲ್ಲಿ ಬ್ಯಾಲೆನ್ಸ್ ಚಕ್ರ, ಅಂದರೆ ಅತ್ತಿತ್ತ ಹೊರಳಿ ಸಮಯ ಅಳೆಯುವ ಚಕ್ರ, ಸೆಕೆಂಡಿಗೆ 5 ಬಾರಿ ಹೊರಳುತ್ತದೆ. ಗಂಟೆಗೆ 18,000, ದಿನಕ್ಕೆ 4,32,000, ವರ್ಷಕ್ಕೆ 15 ಕೋಟಿಗೂ ಮೇಲೆ. ಇಷ್ಟು ಹೊರಳಾಟವನ್ನು ಹೊರುವ ಅಚ್ಚಿನ ತುದಿ ಹೆಚ್ಚುಕಡಿಮೆ ತಲೆಗೂದಲಿನಷ್ಟೇ ಸಣ್ಣ. ಅದು ಉಕ್ಕಿನದು, ಕೂರುವುದು ಕೃತಕ ಮಾಣಿಕ್ಯದ ರಂಧ್ರದಲ್ಲಿ. ಡಯಲ್ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುವುದು ಈ ಕೆಂಪು ಹರಳುಗಳ ಲೆಕ್ಕ. ರಂಧ್ರದ ಸುತ್ತ ಬಟ್ಟಲಿನಂಥ ಪುಟ್ಟ ತಗ್ಗು ಇರುತ್ತದೆ. ಅದರಲ್ಲಿ ನಿಲ್ಲುವ ಎಣ್ಣೆಯ ಹನಿ ತನ್ನ ಮೇಲ್ಮೈ ಸೆಳೆತದಿಂದಲೇ ಅಲ್ಲಿ ಹಿಡಿದುಕೊಂಡಿರುತ್ತದೆ. ಹನಿ ದೊಡ್ಡದಾದರೆ ಅಂಚು ದಾಟಿ ಹರಡಿ, ಬೇಕಾದ ಜಾಗವೇ ಒಣಗುತ್ತದೆ. ಹೊಲಿಗೆ ಮಷೀನಿನ ಎಣ್ಣೆ ಬಿಟ್ಟ ವಾಚು ನಾಲ್ಕು ದಿನ ನಡೆದು ಮತ್ತೆ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಹಿಂದೆ ವಾಚಿಗೆ ಪ್ರಾಣಿಜನ್ಯ ಎಣ್ಣೆ ಬಳಸುತ್ತಿದ್ದರು; ಡಾಲ್ಫಿನ್‌ ದವಡೆಯಿಂದ ತೆಗೆದ ಎಣ್ಣೆಗಂತೂ ತುಂಬ ಬೆಲೆ. ಚಳಿಗೂ ಗಟ್ಟಿಯಾಗದ ಅದು ಕಾಲಕ್ಕೆ ಸೋಲುತ್ತಿತ್ತು. ಗಾಳಿಯ ಆಮ್ಲಜನಕ ಸೇರಿ, ಎಣ್ಣೆ ಡಬ್ಬಿಯ ಬಾಯಿಗೆ ಕಟ್ಟುವ ಜಿಗುಟಿನ ಹಾಗೆ ಅಂಟಾಗುತ್ತದೆ. ಹುಟ್ಟುವ ಆಮ್ಲ ಹಿತ್ತಾಳೆಯನ್ನು ಹಸಿರುಗಟ್ಟಿಸುತ್ತದೆ. ಈ ಸ್ಥಿತಿಯಲ್ಲಿ ಬಲವಂತವಾಗಿ ಕೀಲಿ ಕೊಟ್ಟು ಅಲ್ಲಾಡಿಸಬೇಡಿ. ಅಂಟಿನಲ್ಲಿ ಸೇರಿದ ಧೂಳು ಅಚ್ಚಿನ ತುದಿಯನ್ನು ಉಜ್ಜಿ ಸವೆಸುತ್ತದೆ, ಸವೆದ ಅಚ್ಚಿಗೆ ಮದ್ದು ಕಡಿಮೆ. ಪೂರ್ತಿ ಬಿಚ್ಚಿ, ತೊಳೆದು, ಹೊಸ ಸಿಂಥೆಟಿಕ್ ಎಣ್ಣೆಯನ್ನು ಸೂಜಿಯ ಮೊನೆಯಿಂದ ಇಟ್ಟರೆ ಎಷ್ಟೋ ವಾಚುಗಳು ಯಾವ ಬಿಡಿಭಾಗವೂ ಬೇಡದೆ ನಡೆಯುತ್ತವೆ.

ಸೈನಿಕರ ವಾಚಿನ ಬಗ್ಗೆಯಂತೂ ಗಟ್ಟಿಯಾಗಿ ಎಚ್ಚರಿಸಬೇಕು. ಕತ್ತಲಲ್ಲಿ ಹೊಳೆಯಲೆಂದು ಅಂಕಿ, ಮುಳ್ಳುಗಳಿಗೆ ರೇಡಿಯಂ ಬೆರೆಸಿದ ಬಣ್ಣ ಹಚ್ಚುವ ಪದ್ಧತಿ 1960ರ ದಶಕದವರೆಗೂ ಇತ್ತು. ಈಗ ಅದು ಹೊಳೆಯುವುದಿಲ್ಲ, ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹೊಳಪು ಸತ್ತರೂ ರೇಡಿಯಂ ಸತ್ತಿಲ್ಲ. ವಿಕಿರಣದ ಹೊಡೆತಕ್ಕೆ ಹಾಳಾದದ್ದು ಅದರ ಜೊತೆಗಿದ್ದು ಹೊಳೆಯುತ್ತಿದ್ದ ಸತುವಿನ ಸಲ್ಫೈಡ್; ರೇಡಿಯಂನ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 1,600 ವರ್ಷ. ಗಾಜು ಮುಚ್ಚಿರುವವರೆಗೆ ಅಪಾಯ ಕಡಿಮೆ. ಗಾಜು ತೆಗೆದು ಕೆರೆದರೆ ಆ ಪುಡಿ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಅಂಥ ವಾಚನ್ನು ಮಕ್ಕಳ ಕೈಗೆ ಕೊಡಬೇಡಿ, ಮನೆಯಲ್ಲಿ ಬಿಚ್ಚಬೇಡಿ, ರಿಪೇರಿಯವರಿಗೂ ಮೊದಲೇ ಹೇಳಿ.

ಬ್ಯಾಲೆನ್ಸ್ ಚಕ್ರವನ್ನು ಅತ್ತಿತ್ತ ಹೊರಳಿಸುವ ಎಳೆಯಂಥ ಸುರುಳಿ, ಹೇರ್‌ಸ್ಪ್ರಿಂಗನ್ನೂ ಸುಲಭಕ್ಕೆ ಬದಲಿಸಲು ಒಪ್ಪಬೇಡಿ. ಮಾಮೂಲಿ ಉಕ್ಕಿನ ಹೇರ್‌ಸ್ಪ್ರಿಂಗ್ ಬಿಸಿಗೆ ಬಿಗಿ ಕಳೆದುಕೊಂಡು, ಒಂದು ಡಿಗ್ರಿ ಏರಿಕೆಗೆ ದಿನಕ್ಕೆ ಸುಮಾರು 10 ಸೆಕೆಂಡು ಹಿಂದೆ ಬೀಳುತ್ತದೆ. ಬೆಳಗಾವಿಯ 15 ಡಿಗ್ರಿ ಚಳಿಯಲ್ಲಿ ಸರಿಮಾಡಿದ ವಾಚು ವಿಜಯಪುರದ 40 ಡಿಗ್ರಿ ಬಿಸಿಲಲ್ಲಿ ದಿನಕ್ಕೆ ನಾಲ್ಕು ನಿಮಿಷ ತಪ್ಪಬೇಕು. ಹಾಗಾಗದಂತೆ ಮಾಡಿದ್ದು ಬಿಸಿಗೆ ಬಿಗಿ ಬದಲಿಸದ ನಿಕ್ಕಲ್-ಉಕ್ಕಿನ ಮಿಶ್ರಲೋಹ. ಇಂಥ ಲೋಹಗಳ ಶೋಧಕ್ಕಾಗಿಯೇ ಚಾರ್ಲ್ಸ್ ಎಡ್ವರ್ಡ್ ಗಿಯೋಮ್‌ಗೆ 1920ರ ಭೌತವಿಜ್ಞಾನದ ನೊಬೆಲ್ ಬಂತು. ಒಮ್ಮೆಲೇ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಹೇರ್‌ಸ್ಪ್ರಿಂಗಿನ ಸುರುಳಿಗಳು ಆಯಸ್ಕಾಂತತೆಯಿಂದ ಒಂದಕ್ಕೊಂದು ಅಂಟಿರಬಹುದು. ದಿಕ್ಸೂಚಿಯ ಹತ್ತಿರ ಹಿಡಿದು ನೋಡಿ, ಸೂಜಿ ಅಲುಗಿದರೆ ಅನುಮಾನ ಗಟ್ಟಿ. ಆಯಸ್ಕಾಂತತೆ ತೆಗೆಯುವುದು ಕ್ಷಣದ ಕೆಲಸ.

ಡಯಲ್‌ಗೆ ಹೊಸ ಬಣ್ಣ ಬಳಿಸುವುದನ್ನು ನಾನು ಒಪ್ಪುವುದಿಲ್ಲ. ಒಳಗಿನ ಎಣ್ಣೆ ಬದಲಿಸಬಹುದು, ಡಯಲ್ ಮೇಲಿನ ಕಾರ್ಖಾನೆಯ ಮುದ್ರಣ ಮರಳಿ ಬರುವುದಿಲ್ಲ. ಖಡೇಬಜಾರಿನಲ್ಲಾಗಲಿ ಬೇರೆಲ್ಲಾಗಲಿ ವಾಚು ಕೊಡುವಾಗ ‘ಡಯಲ್ ಮುಟ್ಟಬ್ಯಾಡ್ರಿ, ಕೇಸಿಗೆ ಪಾಲಿಶ್ ಬ್ಯಾಡ್ರಿ, ತೆಗೆದ ಹಳೇ ಸಾಮಾನು ನನಗ ವಾಪಸ್ ಕೊಡ್ರಿ’ ಎಂದು ಹೇಳಿಬಿಡಿ. ಬಂದ ಮೇಲೆ ದಿನಾ ಒಂದೇ ಹೊತ್ತಿಗೆ ಕೀಲಿ ಕೊಟ್ಟು, ಒಂದು ವಾರ ಮೊಬೈಲಿನ ಸಮಯಕ್ಕೆ ಹೋಲಿಸಿ ಬರೆದಿಡಿ. ಈ ವಯಸ್ಸಿನ ವಾಚು ದಿನಕ್ಕೆ ಅರ್ಧ ನಿಮಿಷ ಹಿಂದುಮುಂದಾದರೆ ಮತ್ತೆ ಬಿಚ್ಚಿಸಬೇಕಿಲ್ಲ.