ಹೇನು ವಾಪಸ್ ಬಂದಿಲ್ಲ, ಹೋಗೇ ಇರಲಿಲ್ಲ

ಜೂನ್‌ನಲ್ಲಿ ಶಾಲೆ ಶುರುವಾಗಿ ಎರಡು ವಾರ ಆಗುವಷ್ಟರಲ್ಲಿ ನಮ್ಮ ಕ್ಲಿನಿಕ್‌ಗೆ ತಲೆ ಕೆರೆದುಕೊಳ್ಳುವ ಮಕ್ಕಳು ಬರತೊಡಗುತ್ತಾರೆ. ಶಾಲೆಯಿಂದ ಅಂಟಿಸಿಕೊಂಡು ಬಂದಳು ಅಂತ ಅಮ್ಮಂದಿರು ಹೇಳುತ್ತಾರೆ. ಆದರೆ ಮೊದಲ ಸಲ ಹೇನಾದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕು. ಹಾಗಾಗಿ ಎಷ್ಟೋ ಸಲ ಅದು ಮೇ ತಿಂಗಳಲ್ಲಿ, ಮದುವೆ ಮನೆಯಲ್ಲೋ ಅಜ್ಜಿ ಮನೆಯಲ್ಲೋ ಒಂದೇ ಜಮಖಾನದ ಮೇಲೆ ಮಕ್ಕಳೆಲ್ಲ ತಲೆಗೆ ತಲೆ ತಾಗಿಸಿ ಮಲಗಿದ್ದಾಗಲೇ ಬಂದಿರುತ್ತದೆ.

ಕಳೆದ ವರ್ಷ ಒಬ್ಬ ತಾಯಿ ಎಂಟು ವರ್ಷದ ಮಗಳನ್ನು ಕರೆದುಕೊಂಡು ಬಂದರು. ಮೂರು ತಿಂಗಳಲ್ಲಿ ನಾಲ್ಕು ಸಲ ಔಷಧಿ ಹಾಕಿದ್ದರು. "ಹೋಗುತ್ತೆ ಡಾಕ್ಟ್ರೇ, ಮತ್ತೆ ಬರುತ್ತೆ. ಕೂದಲೇ ತೆಗೆಸಿಬಿಡೋಣ ಅನ್ನಿಸಿದೆ" ಅಂದರು. ಮಗು ತನ್ನ ಜಡೆ ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಕೂತಿತ್ತು. ಕಿವಿಯ ಹಿಂದೆ ಕೆರೆದು ಕೆರೆದು ಕೆಂಪಾಗಿತ್ತು, ಕತ್ತಿನಲ್ಲಿ ಸಣ್ಣ ಗಂಟುಗಳು ಕೈಗೆ ಸಿಗುತ್ತಿದ್ದವು.

ನಾನು ಎರಡೇ ಪ್ರಶ್ನೆ ಕೇಳಿದೆ. ಔಷಧಿಯನ್ನು ಎರಡನೇ ಸಲ ಯಾವಾಗ ಹಾಕಿದಿರಿ? ಮಗು ಯಾರ ಪಕ್ಕ ಮಲಗುತ್ತದೆ? ಮೊದಲನೆಯದಕ್ಕೆ, "ಮತ್ತೆ ಹೇನು ಕಂಡಾಗ" ಅಂದರು. ಎರಡನೆಯದಕ್ಕೆ, "ಅವರ ಅಜ್ಜಿ ಪಕ್ಕ."

ಅಜ್ಜಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಕರೆದೆ. "ನನಗೆಲ್ಲಿ ಹೇನು ತಾಯಿ, ಇರೋದೇ ನಾಲ್ಕು ಕೂದಲು" ಅನ್ನುತ್ತಲೇ ತುರುಬು ಬಿಚ್ಚಿದರು. ಕತ್ತಿನ ಹಿಂಭಾಗದಿಂದ ಸೀರಣಿಗೆ ಎಳೆದು ಬಿಳಿ ಹಾಳೆಯ ಮೇಲೆ ಒರೆಸಿದೆ. ಎಳ್ಳುಕಾಳಿನಷ್ಟು ದೊಡ್ಡ ಮೂರು ಹೇನುಗಳು ಹಾಳೆಯ ಮೇಲೆ ಹರಿದಾಡಿದವು. ಅಜ್ಜಿಯ ಕಣ್ಣಲ್ಲಿ ನೀರು ಬಂತು. "ಅಮ್ಮಾ, ಇದು ಕೊಳಕಿನಿಂದ ಬರೋದಲ್ಲ, ದಿನಾ ಸ್ನಾನ ಮಾಡುವವರಿಗೂ ಬರುತ್ತೆ" ಅಂತ ಕೈ ಹಿಡಿದು ಹೇಳಿದೆ. ಎಲ್ಲರಿಗೂ ಇರುವುದಿಲ್ಲ ತುರಿಕೆ. ಅದಕ್ಕೇ ಮನೆಮಂದಿಯ ತಲೆಯನ್ನೆಲ್ಲ ಒಂದೇ ದಿನ ನೋಡಬೇಕು, ಅಪ್ಪನದ್ದೂ ಸೇರಿಸಿ. ಜೀವಂತ ಹೇನು ಸಿಕ್ಕಿದವರಿಗೂ ಅವರ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುವವರಿಗೂ ಅದೇ ದಿನ ಔಷಧಿ. ಉಳಿದವರಿಗೆ ಸುಮ್ನೆ ಹಾಕಬೇಡಿ.

ಈಗ ದಿನಗಳ ಲೆಕ್ಕ. ಹೆಣ್ಣು ಹೇನು ದಿನಕ್ಕೆ 6ರಿಂದ 8 ಮೊಟ್ಟೆ ಇಡುತ್ತದೆ, ಅದೇ ನಾವು ಸೀರು ಅನ್ನುವುದು. ಸೀರು ಒಡೆದು ಮರಿ ಬರಲು 7ರಿಂದ 10 ದಿನ, ಆ ಮರಿ ಬೆಳೆದು ತಾನೇ ಮೊಟ್ಟೆ ಇಡಲು ಇನ್ನೂ 9ರಿಂದ 12 ದಿನ. ನಾವು ಸಾಮಾನ್ಯವಾಗಿ ಬರೆಯುವ 1% ಪರ್ಮೆಥ್ರಿನ್ ಓಡಾಡುವ ಹೇನನ್ನು ಕೊಲ್ಲುತ್ತದೆ, ಸೀರನ್ನು ಕೊಲ್ಲುವುದಿಲ್ಲ. ಹಾಗಾಗಿ ಮೊದಲ ಸಲ ಹಾಕಿದ ಮೇಲೆ ತಲೆ ಶಾಂತವಾಗಿ ಕಾಣುತ್ತದೆ, ಒಳಗೆ ಸೀರು ಒಡೆಯುತ್ತಾ ಇರುತ್ತದೆ. ಒಂಬತ್ತು ದಿನ ಬಿಟ್ಟು ಎರಡನೇ ಸಲ ಹಾಕಿದರೆ ಹೊಸ ಮರಿಗಳು ಮೊಟ್ಟೆ ಇಡುವ ಮೊದಲೇ ಸಾಯುತ್ತವೆ. ಕಾಣಲಿ, ಕಾಣದಿರಲಿ, ಹಾಕಲೇಬೇಕು. ಶುಕ್ರವಾರ ತಲೆಸ್ನಾನದ ದಿನ ಶುರು ಮಾಡಿದರೆ ಮುಂದಿನ ಶುಕ್ರವಾರ ಕಳೆದು ಬರುವ ಭಾನುವಾರ ಎರಡನೆಯದು. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಹಾಕುವ ರೀತಿಯಲ್ಲೂ ತಪ್ಪಾಗುತ್ತದೆ. ಎಣ್ಣೆ ಹಚ್ಚಿದ ತಲೆಗೆ ಔಷಧಿ ಹಾಕಬೇಡಿ. ಮೊದಲು ಮಾಮೂಲಿ ಶಾಂಪೂವಿನಲ್ಲಿ ತೊಳೆದು, ಕಂಡಿಷನರ್ ಹಾಕದೆ, ಟವೆಲ್‌ನಲ್ಲಿ ಒರೆಸಿ, ಇನ್ನೂ ತೇವ ಇರುವಾಗಲೇ ಬುಡಕ್ಕೆ ತಾಗುವಂತೆ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಆಮೇಲೆ ಒಂದೆರಡು ದಿನ ಶಾಂಪೂ ಬೇಡ. ಅಂಗಡಿಯಲ್ಲಿ ಪರ್ಮೆಥ್ರಿನ್‌ನದೇ 5% ಕ್ರೀಮ್ ಕೊಟ್ಟರೆ ಅದು ಕಜ್ಜಿಗೆ ಹಚ್ಚುವುದು, ತಲೆಗಲ್ಲ. 2 ತಿಂಗಳೊಳಗಿನ ಕೂಸಿಗೆ ತಲೆಯ ಈ 1% ಔಷಧಿಯನ್ನೂ ಹಾಕಬಾರದು.

ಔಷಧಿಯಷ್ಟೇ ನಾನು ನಂಬುವುದು ಬಾಚುವುದನ್ನು. ಮಧ್ಯಾಹ್ನ ಜಗಲಿಯ ಬಿಸಿಲಲ್ಲಿ ಮಗುವನ್ನು ಮುಂದೆ ಕೂರಿಸಿಕೊಂಡು ಹೇನು ನೋಡುತ್ತಿದ್ದರಲ್ವಾ ನಮ್ಮ ಅಜ್ಜಿಯರು, ಆ ಕೆಲಸ ಈಗ ಯಾರಿಗೂ ಪುರುಸೊತ್ತಿಲ್ಲದೆ ನಿಂತುಹೋಗಿದೆ. ಔಷಧಿ ಹಾಕಿದ ಎರಡು ದಿನ ಬಿಟ್ಟು ಶುರು ಮಾಡಿ. ಒದ್ದೆ ಕೂದಲಿಗೆ ಕಂಡಿಷನರ್ ಹಚ್ಚಿ ಸಣ್ಣ ಸಣ್ಣ ಭಾಗ ಮಾಡಿಕೊಂಡು, ಹಲ್ಲು ಒತ್ತಾಗಿರುವ ಲೋಹದ ಬಾಚಣಿಗೆಯನ್ನು ನೆತ್ತಿಗೆ ತಾಗಿಸಿ ತುದಿಯವರೆಗೆ ಎಳೆಯಿರಿ. ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡಿ. ಎರಡು ಮೂರು ದಿನಕ್ಕೊಮ್ಮೆ, ಕನಿಷ್ಠ ಎರಡು ವಾರ. ಊದಿದರೆ ಹಾರುವುದು ಹೊಟ್ಟು, ಕೂದಲಿಗೆ ಗಟ್ಟಿಯಾಗಿ ಅಂಟಿರುವುದು ಸೀರು. ಬುಡದಿಂದ ದೂರ ಬೆಳ್ಳಗೆ ಕಾಣುವುದು ಹೆಚ್ಚಾಗಿ ಒಡೆದ ಖಾಲಿ ಸಿಪ್ಪೆ, ಅದನ್ನು ನೋಡಿ ಮತ್ತೆ ಔಷಧಿ ಹಾಕಬೇಡಿ.

ಮನೆ ತೊಳೆಯುವುದರಲ್ಲಿ ಜಾಸ್ತಿ ಶಕ್ತಿ ಕಳೆಯಬೇಡಿ. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ, ತಲೆ ಬಿಟ್ಟರೆ ಒಂದೆರಡು ದಿನದಲ್ಲಿ ಸಾಯುತ್ತದೆ. ದಿಂಬಿನ ಕವರ್, ಟವೆಲ್ ಬಿಸಿ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಬಾಚಣಿಗೆ, ರಿಬ್ಬನ್ ಒಬ್ಬೊಬ್ಬರಿಗೆ ಬೇರೆ ಇರಲಿ. ಅಷ್ಟು ಸಾಕು.

ಇನ್ನೊಂದನ್ನು ಕೈಮುಗಿದು ಕೇಳುತ್ತೇನೆ. ಸೀಮೆಎಣ್ಣೆ, ತಿಗಣೆ ಔಷಧಿ ಮಕ್ಕಳ ತಲೆಗೆ ಬೇಡವೇ ಬೇಡ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಇಳಿದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪದರ ಸುಟ್ಟಂತಾಗುತ್ತದೆ. ಕರ್ಪೂರ ಬೆರೆಸಿದ ಎಣ್ಣೆಯಿಂದ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು. ನೆತ್ತಿಯಲ್ಲಿ ಕೀವು ಕಂಡರೆ, ಜ್ವರ ಬಂದರೆ, ಎರಡು ಸಲ ಸರಿಯಾಗಿ ಹಾಕಿಯೂ ಜೀವಂತ ಹೇನು ಸಿಕ್ಕರೆ ಡಾಕ್ಟರ್ ಹತ್ತಿರ ಬನ್ನಿ, ಬೇರೆ ಔಷಧಿಗಳಿವೆ.

ಆ ಮಗುವಿನ ಕೂದಲು ತೆಗೆಸಲಿಲ್ಲ. ಅಂದು ಮನೆಗೆ ಹೋದ ಮೇಲೆ ಆ ತಾಯಿ ಮಗಳ ಜೊತೆ ಆಡುವ ಮೂವರು ಮಕ್ಕಳ ಮನೆಗೆ ತಾವೇ ಫೋನ್ ಮಾಡಿದರು. ಹೇಳಲು ನಾಚಿಕೆಯಾಯಿತಂತೆ, ಆದರೂ ಹೇಳಿದರು. ಇಬ್ಬರ ತಲೆಯಲ್ಲಿ ಸಿಕ್ಕಿತು. ಆ ಎರಡು ಮನೆಯವರೂ ಈ ತಾಯಿಯ ಮನೆಯವರೂ ಒಂದೇ ಶುಕ್ರವಾರ ಔಷಧಿ ಹಾಕಿ, ಒಂದೇ ಭಾನುವಾರ ಎರಡನೆಯದು ಮುಗಿಸಿದರು. ತಿಂಗಳಾದ ಮೇಲೆ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಂದರು, ಚೀಲದಿಂದ ಸೀರಣಿಗೆ ತೆಗೆದು ಮೇಜಿನ ಮೇಲಿಟ್ಟು, "ಮೊದಲು ನನ್ನ ತಲೆ ನೋಡು ತಾಯಿ" ಅಂದರು.