ಬೀಗ ಬಿದ್ದ ಮೊಣಕಾಲು

ರಾಯಚೂರು ಜಿಲ್ಲೆಯ ಸಿಂಧನೂರು, ಮಾನ್ವಿ ಕಡೆಯ ಸಂತೆಗಳಲ್ಲಿ, ನಡುವಯಸ್ಸು ದಾಟಿದ ಕೆಲವರು ಒಂದು ಕೈಯನ್ನು ತೊಡೆಯ ಮೇಲೆ ಊರಿ, ಹೆಜ್ಜೆಗೊಮ್ಮೆ ಬಾಗಿ ಏಳುತ್ತ ನಡೆಯುವುದನ್ನು ಕಾಣಬಹುದು. ಪೋಲಿಯೋದಿಂದ ತೊಡೆಯ ಮುಂಭಾಗದ ಸ್ನಾಯು ಸೋತರೆ, ಮೈಭಾರ ಬಿದ್ದೊಡನೆ ಮೊಣಕಾಲು ಮಡಚಿಕೊಳ್ಳುತ್ತದೆ. ಸ್ನಾಯುವಿನ ಕೆಲಸವನ್ನು ಕೈ ವಹಿಸಿಕೊಳ್ಳುತ್ತದೆ. ಆ ಕೈಯನ್ನು ಬಿಡಿಸಲು ಹುಟ್ಟಿದ್ದು ಕ್ಯಾಲಿಪರ್.

ಕಾಲಿನ ಎರಡೂ ಬದಿಗೆ ಉಕ್ಕಿನ ಪಟ್ಟಿ, ತೊಡೆಗೆ ಚರ್ಮದ ಪಟ್ಟ, ಕೆಳಗೆ ಭಾರದ ಬೂಟು. ಮೊಣಕಾಲಿನ ಕೀಲಿನ ಮೇಲೆ ಉಕ್ಕಿನ ಬಳೆಯೊಂದು ಜಾರಿ ಬಿದ್ದರೆ ಬೀಗ. ನಿಂತವರು ಕುಸಿಯುವುದಿಲ್ಲ, ನಿಜ. ಆದರೆ ಕಾಲು ಕೋಲಾಗುತ್ತದೆ. ಸೊಂಟ ಎತ್ತಿ, ಕಾಲನ್ನು ಹೊರಕ್ಕೆ ಬಳಸಿ ಹೆಜ್ಜೆ ಇಡಬೇಕು. ಬಸ್ಸಿನಲ್ಲಿ ಕುಳಿತರೆ, ಬಳೆ ಎತ್ತುವವರೆಗೆ ಕಾಲು ಹೋಗಿಬರುವವರಿಗೆ ಅಡ್ಡ. ವರ್ಷಗಟ್ಟಲೆ ಹೀಗೆ ನಡೆದರೆ ಸೊಂಟವೂ ಬೆನ್ನೂ ದಂಡ ತೆರುತ್ತವೆ. 1972ರಲ್ಲಿ ಕಾನ್ಪುರದಲ್ಲಿ ಸ್ಥಾಪನೆಯಾದ, ಕೃತಕ ಅಂಗಗಳನ್ನು ತಯಾರಿಸುವ ಸರ್ಕಾರಿ ಸಂಸ್ಥೆ ಅಲಿಮ್ಕೊ ಮತ್ತು ಅಂಗವಿಕಲರಿಗೆ ಸಹಾಯಕ ಸಾಧನ ಒದಗಿಸಲು 1981ರಲ್ಲಿ ಶುರುವಾದ ಕೇಂದ್ರದ ಎಡಿಐಪಿ ಯೋಜನೆ ಇಂಥ ಸಾಧನಗಳನ್ನು ಬಡವರ ಕೈಗೆ ಎಟುಕಿಸಿದವು. ಮುಂದೆ ಪ್ಲಾಸ್ಟಿಕ್ ಅಚ್ಚುಗಳು ಬಂದು ತೂಕ ಇಳಿಯಿತು. ರಾಯಚೂರಿನ ಬೇಸಿಗೆಯಲ್ಲಿ ಅದರೊಳಗೆ ಬೆವರುವ ಕಾಲಿನ ಪಾಡು ಬೇರೆ ಮಾತು. ಬೀಗ ಮಾತ್ರ ಬೀಗವಾಗಿಯೇ ಉಳಿಯಿತು.

ಪಾದ ಊರಿದಾಗ ಬಿಗಿಯಾಗಿ, ಎತ್ತಿದಾಗ ಸಡಿಲವಾಗುವ ಕಟ್ಟುಗಳೂ ಬಂದವು. ಸಮತಟ್ಟು ದಾರಿಗೆ ಅವು ಸಾಕು. ಮೆಟ್ಟಿಲು ಇಳಿಯಲು ಭಾರ ಹೊತ್ತಿರುವಾಗಲೇ ಮೊಣಕಾಲು ಮೆಲ್ಲಗೆ ಮಡಚಬೇಕು. ಪೂರ್ತಿ ಬಿಗಿ, ಪೂರ್ತಿ ಸಡಿಲ ಎರಡನ್ನೇ ಬಲ್ಲ ಕೀಲಿಗೆ ಇದು ಸಾಧ್ಯವಿಲ್ಲ.

ಕಂಪ್ಯೂಟರ್ ನೆರವಿಗೆ ಬಂದದ್ದು ಇಲ್ಲಿ. ಜರ್ಮನಿಯ ಒಟ್ಟೊಬಾಕ್ ಕಂಪನಿ 1997ರಲ್ಲಿ, ಕಾಲು ಕಳೆದುಕೊಂಡವರಿಗಾಗಿ ಸಿ-ಲೆಗ್ ಎಂಬ ಕೃತಕ ಕಾಲನ್ನು ತಂದಿತ್ತು. ಕಾಲಿದ್ದೂ ಬಲವಿಲ್ಲದವರಿಗೆ ಅದೇ ವಿದ್ಯೆಯನ್ನು ಒಗ್ಗಿಸಿದ ಸಿ-ಬ್ರೇಸ್ ಬಂದದ್ದು 2010ರ ದಶಕದ ಆರಂಭದಲ್ಲಿ. ಸಂವೇದಕಗಳು ಮೊಣಕಾಲಿನ ಕೋನವನ್ನೂ ಕಾಲಿನ ಚಲನೆಯನ್ನೂ ಅಳೆಯುತ್ತಿರುತ್ತವೆ; ಆಯಾ ಕ್ಷಣಕ್ಕೆ ಎಷ್ಟು ತಡೆ ಬೇಕೆಂದು ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ತಡೆ ಒಡ್ಡುವುದು ಎಣ್ಣೆ ತುಂಬಿದ ಹೈಡ್ರಾಲಿಕ್ ಭಾಗ. ಬೈಕಿನ ಶಾಕ್ ಅಬ್ಸಾರ್ಬರಿನ ಬಿಗಿಯನ್ನು ಹೆಜ್ಜೆ ಹೆಜ್ಜೆಗೂ ಯಾರೋ ತಿರುಗಿಸುತ್ತಿದ್ದಾರೆ ಎಂದುಕೊಳ್ಳಿ. ವಿಪರ್ಯಾಸವೆಂದರೆ, ಭಾರತದಲ್ಲಿ ಸಹಜ ವೈರಾಣುವಿನಿಂದ ಬಂದ ಕೊನೆಯ ಪೋಲಿಯೋ ಪತ್ತೆಯಾದದ್ದೂ ಆ ಹೊತ್ತಿಗೇ, 2011ರ ಜನವರಿಯಲ್ಲಿ.

ಸಿ-ಬ್ರೇಸಿನಲ್ಲಿ ಕಾಲನ್ನು ಎತ್ತುವ ಮೋಟಾರ್ ಇಲ್ಲ. ಕಾಲನ್ನು ಮುಂದಕ್ಕೆ ತರುವ ಬಲ ಸೊಂಟದಲ್ಲಿ ಇರಲೇಬೇಕು. ಬೆಲೆ ಲಕ್ಷಗಳ ಲೆಕ್ಕದಲ್ಲಿದೆ, ಬ್ಯಾಟರಿಗೆ ಆಗಾಗ ಚಾರ್ಜ್ ಬೇಕು. ಕ್ಯಾಲಿಪರಿನ ಪಟ್ಟಿ ಮುರಿದರೆ ಊರಿನ ವೆಲ್ಡಿಂಗ್ ಅಂಗಡಿ ಇದೆ, ಪಟ್ಟ ಹರಿದರೆ ಚಪ್ಪಲಿ ಹೊಲಿಯುವವರಿದ್ದಾರೆ. ಸಿ-ಬ್ರೇಸಿಗೆ ಆ ಅನುಕೂಲವಿಲ್ಲ. ದಿನವೂ ಮೆಟ್ಟಿಲು ಹತ್ತಿಳಿಯುವ ಮೇಷ್ಟ್ರಿಗೆ ಅದು ವರ ಎನ್ನಬಲ್ಲೆ. ಮಳೆಗಾಲದಲ್ಲಿ ಎರೆ ಹೊಲಕ್ಕೆ ಇಳಿಯುವವರಿಗೆ ಅದೇ ಮಾತು ಹೇಳಲು ನಾಲಿಗೆ ತಡವರಿಸುತ್ತದೆ. ಇನ್ನು, ಬಾಲ್ಯದಲ್ಲಿ ಆರೈಕೆ ಸಿಗದೆ ಮೊಣಕಾಲು ಬಾಗಿಯೇ ಸೆಟೆದುಕೊಂಡವರಿಗೆ ಎರಡೂ ದೂರ: ಕಾಲು ಮೊದಲು ನೆಟ್ಟಗಾಗಬೇಕು, ಕೆಲವರಿಗೆ ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು.