90 ಶೇಂಗಾ ಮತ್ತು ಒಬ್ಬ ಗುಲಾಮ

ದಾವಣಗೆರೆಯಲ್ಲಿ ಸಂಜೆ ಮಂಡಕ್ಕಿ-ಮಿರ್ಚಿ ಮುಗಿಸಿ ಇಬ್ಬರೇ ಇಸ್ಪೀಟಿಗೆ ಕೂತಿದ್ದಾರೆ ಎನ್ನಿ. ಆಟ ಮೂರೆಲೆಯಲ್ಲ, ಪೋಕರ್. ತಲಾ ಎರಡೆಲೆ ಕೈಯಲ್ಲಿ, ಇಬ್ಬರಿಗೂ ಸೇರಿದ ಐದೆಲೆ ನಡುವೆ. ಏಳರಲ್ಲಿ ಒಳ್ಳೆಯ ಐದು ಲೆಕ್ಕಕ್ಕೆ. ಪಣಕ್ಕೆ ಚಳ್ಳಕೆರೆ ಶೇಂಗಾ. (ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಲೆಕ್ಕ ಕಲಿಯಲು ಶೇಂಗಾ ಸಾಕು.)

ನಡುವೆ ಬಿದ್ದಿರುವ ಎಲೆಗಳು: ಇಸ್ಪೀಟ್ ರಾಜ, ಇಸ್ಪೀಟ್ ಒಂಬತ್ತು, ಡೈಮಂಡ್ ನಾಲ್ಕು, ಆಮೇಲೆ ಕಳಾವರ್ ಎರಡು, ಕೊನೆಗೆ ಆಟೀನ್ ಎಂಟು. ನಿಮ್ಮ ಕೈಯಲ್ಲಿ ಆಟೀನ್ ರಾಜ, ಡೈಮಂಡ್ ಗುಲಾಮ. ಅಂದರೆ ರಾಜನ ಜೋಡಿ ಆಗಿದೆ. ನಡುವೆ 60 ಬೀಜ ಸೇರಿವೆ. ಮೊದಲಿಂದಲೂ ಪಣ ಕಟ್ಟುತ್ತ ಬಂದ ಎದುರಾಳಿ ಈಗ ಒಮ್ಮೆಲೇ 90 ಬೀಜ ಮುಂದಕ್ಕೆ ತಳ್ಳಿದ್ದಾನೆ. ಅಷ್ಟೇ ಬೀಜ ಹಾಕಿ ಕಾಲ್ ಮಾಡಬೇಕೋ, ಎಲೆ ಮಗುಚಿ ಕೈ ಬಿಡಬೇಕೋ?

ಇಂಥ ಹೊತ್ತಲ್ಲಿ ಎಲ್ಲರೂ ಎದುರಿನವನ ಮುಖ ನೋಡುತ್ತಾರೆ. ಮೊದಲು ಬೆಲೆ ನೋಡಬೇಕು. ನೀವು 90 ಹಾಕಿದರೆ ಒಟ್ಟು ರಾಶಿ 60+90+90, ಅಂದರೆ 240. ಅದರಲ್ಲಿ 90 ಎಂದರೆ ಶೇ. 37.5. ನೂರಕ್ಕೆ ಅಷ್ಟು ಸಲ ನೀವು ಗೆದ್ದರೆ ಅಸಲಿಗೆ ಮೋಸವಿಲ್ಲ. ರಾಶಿಯ ಅರ್ಧದಷ್ಟು ಪಣಕ್ಕೆ ಶೇ. 25 ಸಾಕು, ರಾಶಿಯಷ್ಟೇ ಪಣಕ್ಕೆ 33.3, ಎರಡರಷ್ಟಕ್ಕೆ 40. ಅವನು ಎಷ್ಟೇ ದೊಡ್ಡ ಗುಡ್ಡೆ ತಳ್ಳಲಿ, ಈ ಅಂಕಿ 50 ಮುಟ್ಟುವುದಿಲ್ಲ. ಹಾಗಾಗಿ 'ಸುಳ್ಳು (ಕೈಯಲ್ಲಿ ಏನೂ ಇಲ್ಲದೆ ಹೆದರಿಸಲು ಕಟ್ಟಿದ ಪಣ) ಎಂದು ಖಾತ್ರಿಯಾದರೆ ಮಾತ್ರ ಕಾಲ್' ಎನ್ನುವವರು ಗೆಲ್ಲುವ ಕೈಗಳನ್ನೂ ಮಗುಚುತ್ತಿರುತ್ತಾರೆ. ಇದಕ್ಕೆ ಉಲ್ಟಾ ತಪ್ಪೂ ಇದೆ: 'ಆಗಲೇ 30 ಹಾಕಿದ್ದೀನಿ, ಬಿಡೋದು ಹೇಗೆ?' ಆ 30 ಈಗ ನಿಮ್ಮದಲ್ಲ, ರಾಶಿಯದು.

ಇನ್ನು ಎಣಿಕೆ. ಮೆಕ್ಕೆಜೋಳದ ವ್ಯಾಪಾರಿ ಒಂದು ಕಾಳು ನೋಡಿ ಚೀಲಕ್ಕೆ ದರ ಕಟ್ಟುವುದಿಲ್ಲ. ಹಾಗೆಯೇ ಎದುರಾಳಿಯ ಕೈಯಲ್ಲಿ ಇಂಥದೇ ಎರಡೆಲೆ ಇವೆ ಎಂದು ಊಹಿಸುವುದು ದಂಡ. ಈ ರೀತಿ ಪಣ ಕಟ್ಟುತ್ತ ಬರಬಹುದಾದ ಎಲ್ಲ ಜೋಡಿಗಳನ್ನೂ ಎಣಿಸಬೇಕು.

ನಿಮ್ಮನ್ನು ಸೋಲಿಸುವ ಕೈಗಳು ಯಾವುವು? ಒಂಬತ್ತರ ಜೋಡಿ ಹಿಡಿದವನಿಗೆ ಮೂರು ಒಂಬತ್ತು ಆಗಿವೆ. ಉಳಿದ ಮೂರು ಒಂಬತ್ತುಗಳಿಂದ ಆ ಜೋಡಿ 3 ಬಗೆಯಲ್ಲಿ ಬರಬಹುದು. ನಾಲ್ಕರದು 3, ಎರಡರದು 3. ರಾಜರು ಇಬ್ಬರೇ ಉಳಿದಿದ್ದಾರೆ, ಆ ಜೋಡಿ 1. ರಾಜ-ಒಂಬತ್ತು 2×3, ಅಂದರೆ 6. ಎಕ್ಕ-ರಾಜ 2×4, ಅಂದರೆ 8. ಒಟ್ಟು 24. ಎಕ್ಕದ ಜೋಡಿ, ರಾಜ-ರಾಣಿ, ಎಂಟು ಸೇರಿದ ಕೈಗಳಂಥ ಇನ್ನೂ ಕೆಲವು ನಿಮ್ಮನ್ನು ಸೋಲಿಸುತ್ತವೆ. ಲೆಕ್ಕ ಸರಳವಾಗಲೆಂದು ಅವನ್ನು ಇಲ್ಲಿ ಬಿಟ್ಟಿದೆ; ಸೇರಿಸಿದರೆ ಕಾಲ್‌ಗೆ ಬೇಕಾದ ಸುಳ್ಳು ಕೈಗಳೂ ಹೆಚ್ಚುತ್ತವೆ.

ಸುಳ್ಳು ಕೈಗಳು? ಐದೂ ಇಸ್ಪೀಟ್ ಆಗಲೆಂದು ಕಾದು ಕೂತು, ಕೊನೆಗೆ ಏನೂ ಆಗದವು. ಎಂಟು, ನಾಲ್ಕು, ಎರಡು ಬಿಟ್ಟರೆ (ಅವುಗಳಿಗೆ ಜೋಡಿಯಾದರೂ ಆಗಿದೆ) ಎಂಟು ಇಸ್ಪೀಟ್ ಎಲೆ ಉಳಿಯುತ್ತವೆ. ಅವುಗಳಿಂದ 28 ಜೋಡಿ. 24 ಗಟ್ಟಿ ಕೈಗಳ ಎದುರು ಶೇ. 37.5 ತಲುಪಲು 14.4 ಸುಳ್ಳು ಬೇಕು. ಅಂದರೆ ಸೋತ ಇಸ್ಪೀಟ್ ಕೈಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ಅವನು ಹೀಗೆ ತಳ್ಳುವವನಾದರೆ ಕಾಲ್. ಸರಿಯಾಗಿ ಅರ್ಧವೇ ಆದರೆ ಕೂದಲೆಳೆಯಲ್ಲಿ ನಷ್ಟ.

ಈಗ ನಿಮ್ಮ ಡೈಮಂಡ್ ಗುಲಾಮನನ್ನು ತೆಗೆದು ಇಸ್ಪೀಟ್ ಗುಲಾಮನನ್ನು ಇಡಿ. ನಿಮ್ಮ ಕೈಯ ಬಲ ಎಳ್ಳಷ್ಟೂ ಬದಲಾಗಿಲ್ಲ, ಆದರೆ ಆ ಎಲೆ ಇನ್ನು ಅವನ ಬಳಿ ಇರಲಾರದು. ಗುಲಾಮ ಸೇರಿದ್ದ 7 ಸುಳ್ಳು ಜೋಡಿ ಮಾಯವಾಗಿ 21 ಉಳಿದವು. ಬೇಕಾದ ಸುಳ್ಳು ಮಾತ್ರ ಅದೇ 14.4. ಅವನು ಮೂರರಲ್ಲಿ ಎರಡಕ್ಕಿಂತ ಹೆಚ್ಚು ಸಲ ಸುಳ್ಳು ಹೊಡೆಯಬೇಕಾಯಿತು. 'ನನ್ನ ಹತ್ರ ಒಂದು ಇಸ್ಪೀಟ್ ಇದೆ, ಒಳ್ಳೆಯದೇ' ಎನ್ನಿಸುವ ಜಾಗದಲ್ಲೇ ಮಗುಚಬೇಕು. ನಡುವೆ ಮೂರು ಇಸ್ಪೀಟ್ ಬಿದ್ದಿದ್ದರೆ ಮಾತು ತಿರುವುಮುರುವು: ಆಗ ನಿಮ್ಮ ಇಸ್ಪೀಟ್ ಅವನ ಗಟ್ಟಿ ಕೈಗಳನ್ನೇ ಕಡಿಮೆ ಮಾಡುತ್ತದೆ. ಮೂರೆಲೆ ಆಟದಲ್ಲಿ ನಡುವೆ ತೆರೆದ ಎಲೆಯೇ ಇಲ್ಲ, ಹಾಗಾಗಿ ಅಲ್ಲಿ ಇಷ್ಟು ನಿಖರವಾದ ಎಣಿಕೆಗೆ ಜಾಗವಿಲ್ಲ.

ಎದುರಾಳಿಯ ಸ್ವಭಾವವೇ ಗೊತ್ತಿಲ್ಲದಿದ್ದರೆ? ಜಾನ್ ಫಾನ್ ನಾಯ್ಮನ್ 1928ರಲ್ಲಿ ಆಟಗಳ ಗಣಿತಕ್ಕೆ ಬುನಾದಿ ಹಾಕಿ, 1944ರಲ್ಲಿ ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆ ಬರೆದ ಗ್ರಂಥದಲ್ಲಿ ಪೋಕರನ್ನೂ ಬಿಡಿಸಿ ನೋಡಿದರು. ಆ ದಾರಿಯಲ್ಲಿ ಸಿಗುವ ಸೂತ್ರ ಸರಳ: 60ರ ರಾಶಿಗೆ 90 ಕಟ್ಟಿದರೆ, 60/150, ಅಂದರೆ ನಿಮ್ಮ ಕೈಗಳಲ್ಲಿ ಒಳ್ಳೆಯ ಶೇ. 40ರಷ್ಟನ್ನು ಕಾಲ್ ಮಾಡಿ. ಅದಕ್ಕಿಂತ ಕಡಿಮೆ ಮಾಡಿದರೆ ಅವನಿಗೆ ಯಾವ ಕೆಟ್ಟ ಎಲೆಯಲ್ಲೂ ಸುಳ್ಳು ಲಾಭವೇ. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ, ನಾಲ್ವರು ವೃತ್ತಿಪರರ ಎದುರು ಒಬ್ಬೊಬ್ಬರಾಗಿ ಒಟ್ಟು 1,20,000 ಕೈ ಆಡಿ ಗೆದ್ದಾಗ, ರಾಶಿಗಿಂತ ದೊಡ್ಡ ಪಣಗಳೂ ಅವರನ್ನು ಕಾಡಿದ್ದವು.

ಆದರೆ ಶೇಂಗಾ ಆಡುವ ಗೆಳೆಯ ಲಿಬ್ರಾಟಸ್ ಅಲ್ಲ. ಸಾಧಾರಣ ಆಟಗಾರ ರಾಶಿ ಮೀರಿ ತಳ್ಳಿದರೆ ಗಟ್ಟಿ ಕೈಯೇ ಹೆಚ್ಚು ಎಂಬುದು ನಮ್ಮ ಅಂದಾಜು. ಅಂಥವನೆದುರು ಡೈಮಂಡ್ ಗುಲಾಮನನ್ನೂ ಮಗುಚಬಹುದು. ತೂಗುಯ್ಯಾಲೆಯಾದ ಕೈಯನ್ನು ಹತ್ತರಲ್ಲಿ ನಾಲ್ಕು ಸಲ ನೋಡೋಣ ಎಂದು ತೀರ್ಮಾನಿಸಿದ್ದರೆ, ಆ ನಾಲ್ಕನ್ನು ಮನಸ್ಸಿನಿಂದ ಆರಿಸಬೇಡಿ, ಅದಕ್ಕೆ ಕೋಪ-ತಾಪ ಅಂಟುತ್ತದೆ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನೋಡಿ: 24ರೊಳಗಿದ್ದರೆ ಕಾಲ್, ದಾಟಿದ್ದರೆ ಎಲೆ ಮಗುಚಿ.